ಕೈಯಿಂದ ಬಾಯಿಗೆ

ದೂರದರ್ಶನದ ಪೆಟ್ಟಿಗೆಯನ್ನು ಮುಟ್ಟದೆಯೇ ಆಳಬೇಕೆಂಬ ಆಸೆ ಹೆಚ್ಚುಕಡಿಮೆ ಆ ಪೆಟ್ಟಿಗೆಯಷ್ಟೇ ಹಳೆಯದು. ಕುಳಿತ ಕುರ್ಚಿಯಿಂದ ಏಳಲೊಲ್ಲದ ಮನುಷ್ಯನ ಸೋಮಾರಿತನವೇ ಇದಕ್ಕೆ ಮೂಲವೆಂದು ನಾವು ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತೇವೆ. ಈ ಸಲಕರಣೆಯನ್ನು ಮೊದಮೊದಲು ಮಾರಿದವರೂ ಹಾಗೆಯೇ ಎಣಿಸಿದ್ದರೆಂದು ತೋರುತ್ತದೆ. ಅಮೆರಿಕದ ಷಿಕಾಗೋ ನಗರದ ಜೆನಿತ್ ಕಂಪನಿ 1950ರಲ್ಲಿ ಹೊರತಂದ ದೂರನಿಯಂತ್ರಕಕ್ಕೆ ಅವರು ಇಟ್ಟ ಹೆಸರು ‘ಲೇಜಿ ಬೋನ್ಸ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಮೈಗಳ್ಳ’. ಪೆಟ್ಟಿಗೆಯಿಂದ ಕುರ್ಚಿಯವರೆಗೆ ನೆಲದ ಮೇಲೆ ಹರಿದುಬಂದ ಒಂದು ತಂತಿ, ಅದರ ತುದಿಯಲ್ಲಿ ಗುಂಡಿಗಳು, ಅಷ್ಟೆ. ಕುಳಿತವನಿಗೆ ಅನುಕೂಲವಾದದ್ದೇನೋ ದಿಟ. ಆದರೆ ಮನೆಯೊಳಗೆ ಓಡಾಡುವವರು ಆ ತಂತಿಯನ್ನು ಎಡವಿ ಬೀಳತೊಡಗಿದರು.

ಸೋಮಾರಿತನ ಎಂಬ ಒಂದೇ ಮಾತಿನಿಂದ ಈ ಕಥೆ ತೀರುವುದಿಲ್ಲವೆಂದು ನನಗೆ ಈಚೆಗೆ ಅನಿಸುತ್ತಿದೆ. ಆ ಕಂಪನಿಯ ಒಡೆಯರಾದ ಯೂಜೀನ್ ಮೆಕ್‌ಡೊನಾಲ್ಡರಿಗೆ ಜಾಹೀರಾತುಗಳನ್ನು ಕಂಡರಾಗುತ್ತಿರಲಿಲ್ಲ. ಬೇಡದ ಮಾತನ್ನು ಕುಳಿತಲ್ಲಿಂದಲೇ ಬಾಯಿಮುಚ್ಚಿಸುವ ಉಪಾಯ ಬೇಕೆಂದು ಅವರು ತಮ್ಮ ಇಂಜಿನಿಯರುಗಳ ಬೆನ್ನುಹತ್ತಿದರು. ಹಾಗೆ 1955ರಲ್ಲಿ ಯೂಜೀನ್ ಪಾಲಿ ಎಂಬವರು ರೂಪಿಸಿದ್ದು ‘ಫ್ಲಾಷ್‌ಮ್ಯಾಟಿಕ್’: ಪಿಸ್ತೂಲಿನ ಆಕಾರದ ಒಂದು ದೀಪ. ಪೆಟ್ಟಿಗೆಯ ಮುಖದ ನಾಲ್ಕು ಮೂಲೆಗಳಲ್ಲಿ ಬೆಳಕನ್ನು ಗ್ರಹಿಸುವ ನಾಲ್ಕು ಕಣ್ಣುಗಳು. ಒಂದೊಂದಕ್ಕೆ ಬೆಳಕು ಬಿಟ್ಟರೆ ಒಂದೊಂದು ಕೆಲಸ. ತಂತಿಯ ಕಾಟ ತಪ್ಪಿತು. ಆದರೆ ಕಿಟಕಿಯಿಂದ ಒಳಬಂದ ಸೂರ್ಯನಿಗೆ ಈ ಏರ್ಪಾಡು ತಿಳಿಯದಷ್ಟೆ. ಬಿಸಿಲು ಬಿದ್ದಾಗ ಯಾರೂ ಕೇಳದೆಯೇ ಪೆಟ್ಟಿಗೆ ವಾಹಿನಿ ಬದಲಿಸಿಬಿಡುತ್ತಿತ್ತು.

ಮರುವರ್ಷ, 1956ರಲ್ಲಿ, ವಿಯೆನ್ನಾದಿಂದ ಬಂದು ಅಮೆರಿಕದಲ್ಲಿ ನೆಲೆಸಿದ್ದ ರಾಬರ್ಟ್ ಆಡ್ಲರ್ ಬೆಳಕನ್ನು ಬಿಟ್ಟು ನಾದವನ್ನು ಹಿಡಿದರು. ಅವರ ‘ಸ್ಪೇಸ್ ಕಮಾಂಡ್’ ಎಂಬ ಸಲಕರಣೆಯ ವರ್ಣನೆ ಓದಿದಾಗ ನನಗೆ ನಮ್ಮ ಜಲತರಂಗ ನೆನಪಾಯಿತು. ಸುಮಾರು ಎರಡೂವರೆ ಅಂಗುಲ ಉದ್ದದ ನಾಲ್ಕು ಅಲ್ಯೂಮಿನಿಯಂ ಸರಳುಗಳು. ಗುಂಡಿ ಒತ್ತಿದರೆ ಒಂದು ಪುಟ್ಟ ಸುತ್ತಿಗೆ ಸರಳಿನ ತುದಿಯನ್ನು ಬಡಿಯುತ್ತದೆ. ಸರಳು ಮಿಡಿದು ಮನುಷ್ಯನ ಕಿವಿಗೆ ಎಟುಕದಷ್ಟು ಉಚ್ಚವಾದ ಸ್ವರವೊಂದನ್ನು ಹೊರಡಿಸುತ್ತದೆ. ಒಂದೊಂದು ಸರಳಿಗೆ ಒಂದೊಂದು ಸ್ವರ, ಒಂದೊಂದು ಸ್ವರಕ್ಕೆ ಒಂದೊಂದು ಅಪ್ಪಣೆ. ಕೈಯಲ್ಲಿರುವ ಸಲಕರಣೆಗೆ ಬ್ಯಾಟರಿ ಕೂಡ ಬೇಡ. ಪೆಟ್ಟಿಗೆಗೆ ಮಾತ್ರ ಈ ಸ್ವರ ಹಿಡಿಯಲು ಹೆಚ್ಚಿನ ಆರು ನಿರ್ವಾತ ನಳಿಗೆಗಳು ಬೇಕಾಗಿ ಅದರ ಬೆಲೆ ನೂರಕ್ಕೆ ಮೂವತ್ತರಷ್ಟು ಏರಿತು. ಕೀಲಿಕೈ ಗೊಂಚಲಿನ ಝಣತ್ಕಾರ, ನಾಣ್ಯಗಳ ಸದ್ದು ಇವೂ ಒಮ್ಮೊಮ್ಮೆ ಅಪ್ಪಣೆಯಾಗಿ ಪರಿಣಮಿಸುತ್ತಿದ್ದವಂತೆ. ಇಷ್ಟಾದರೂ ಈ ವಿಧಾನ ಸುಮಾರು ಕಾಲು ಶತಮಾನ ಬಾಳಿತು. ಇಷ್ಟೆಲ್ಲ ಮಾಡಿದ ಆಡ್ಲರ್ ಮಹಾಶಯರು ದೂರದರ್ಶನ ನೋಡುತ್ತಿದ್ದುದು ತೀರ ಕಡಿಮೆ ಎಂದು ಅವರು 2007ರಲ್ಲಿ ತೀರಿಕೊಂಡಾಗ ಪತ್ರಿಕೆಗಳಲ್ಲಿ ಬಂದಿತ್ತು. ಸಿಹಿತಿಂಡಿ ಮಾಡುವವರು ಸಿಹಿ ತಿನ್ನುವುದಿಲ್ಲವೆಂಬ ಮಾತು ನಮ್ಮಲ್ಲಿಯೂ ಉಂಟು.

ಈಗ ನಮ್ಮೆಲ್ಲರ ಮನೆಗಳಲ್ಲಿ ಬಿದ್ದಿರುವ ರಿಮೋಟು 1980ರ ಆಸುಪಾಸಿನಲ್ಲಿ ಬಳಕೆಗೆ ಬಂದ ಅವಕೆಂಪು ಕಿರಣದ್ದು. ಅದರ ಮೂತಿಯಲ್ಲಿರುವ ಪುಟ್ಟ ದೀಪ ನಮ್ಮ ಕಣ್ಣಿಗೆ ಕಾಣದ ಬೆಳಕನ್ನು ಮಿಣಮಿಣ ಮಿನುಗಿಸಿ ಪೆಟ್ಟಿಗೆಗೆ ಸಂಕೇತ ಕಳುಹಿಸುತ್ತದೆ. ಕತ್ತಲೆಯಲ್ಲಿ ಮೊಬೈಲಿನ ಕ್ಯಾಮೆರಾದ ಎದುರು ಹಿಡಿದು ಗುಂಡಿ ಒತ್ತಿದರೆ ಅನೇಕ ವೇಳೆ ಆ ಮಿನುಗು ಕಾಣಸಿಗುತ್ತದೆ. ವಿಜ್ಞಾನದ ಉಪಾಧ್ಯಾಯರು ಮಕ್ಕಳಿಗೆ ತೋರಿಸಬಹುದಾದ ಖರ್ಚಿಲ್ಲದ ಪ್ರಯೋಗ ಇದು. ಹೆಚ್ಚು ಬಳಕೆಯಲ್ಲಿರುವ ಒಂದು ಬಗೆಯ ಸಂಕೇತದಲ್ಲಿ ಪ್ರತಿಯೊಂದು ಅಪ್ಪಣೆಯನ್ನೂ ಒಮ್ಮೆ ನೇರವಾಗಿ, ಇನ್ನೊಮ್ಮೆ ಸೊನ್ನೆಯನ್ನು ಒಂದಾಗಿ ಒಂದನ್ನು ಸೊನ್ನೆಯಾಗಿ ತಿರುವಿ ಹೇಳುತ್ತಾರೆ; ಎರಡೂ ತಾಳೆಯಾದರೆ ಮಾತ್ರ ಪೆಟ್ಟಿಗೆ ಅದನ್ನು ನಂಬುತ್ತದೆ. ಇಷ್ಟು ವ್ಯವಹಾರವೂ ಕಣ್ಣೆವೆ ಇಕ್ಕುವುದರೊಳಗೆ ಮುಗಿಯುತ್ತದೆ. ಈ ಬೆಳಕು ಗೋಡೆಯನ್ನು ದಾಟದು. ಪಕ್ಕದ ಮನೆಯವರ ಧಾರಾವಾಹಿ ನಮ್ಮ ಗುಂಡಿಯಿಂದ ಕೆಡದಿರುವುದು ಆ ಪುಣ್ಯದಿಂದ.

ನಮ್ಮಲ್ಲಿ ರಿಮೋಟಿನ ಅಗತ್ಯ ಹುಟ್ಟಲು ಬಹಳ ಕಾಲ ಹಿಡಿಯಿತು. ದೆಹಲಿಯಲ್ಲಿ ದೂರದರ್ಶನ ಮೊದಲಾದದ್ದು 1959ರ ಸೆಪ್ಟೆಂಬರಿನಲ್ಲಿ. ಬೆಂಗಳೂರಿಗೆ ಅದು ಬಂದದ್ದು 1981ರ ನವೆಂಬರಿನಲ್ಲಿ. ಇದ್ದದ್ದು ಒಂದೇ ವಾಹಿನಿ. ಒಂದೇ ದಾರಿಯ ಊರಿನಲ್ಲಿ ಕವಲು ತೋರಿಸುವ ಕೈಮರ ಏತಕ್ಕೆ? ಧ್ವನಿ ಹೆಚ್ಚಿಸಬೇಕಾದರೆ ಎದ್ದುಹೋಗಿ ತಿರುಗುಣಿ ತಿರುಗಿಸುವುದು. ಅದೂ ಮನೆಯ ಅತಿ ಕಿರಿಯವನ ಪಾಲಿಗೆ ಬಂದ ಕೆಲಸ. 1990ರ ದಶಕದಲ್ಲಿ ಕೇಬಲ್ಲು ಬಂತು, 1994ರಲ್ಲಿ ಕನ್ನಡದಲ್ಲಿಯೇ ಖಾಸಗಿ ವಾಹಿನಿ ಬಂತು, ಹತ್ತು ಇಪ್ಪತ್ತಾಗಿ ಇಪ್ಪತ್ತು ನೂರಾಯಿತು. ಆಗ ರಿಮೋಟು ಮನೆಯ ರಾಜದಂಡವಾಯಿತು. ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ವರ್ಷಗಟ್ಟಲೆ ಕೀಳದೆ ಕಾಪಾಡಿದ ಮನೆಗಳನ್ನು ನಾನು ಬಲ್ಲೆ. ಬ್ಯಾಟರಿ ಸೋತಾಗ ಅಂಗೈಗೆ ಎರಡು ಪೆಟ್ಟು ಬಡಿದು ಅದಕ್ಕೆ ಮರುಜೀವ ಕೊಡುವ ವಿದ್ಯೆಯನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ.

ರಿಮೋಟಿಗೆ ಒಂದು ಗುಣವಿತ್ತು. ಅದು ಮೌನದ ಉಪಕರಣ. ಮಾವನವರು ನಿದ್ದೆಹೋದ ಮೇಲೆ ಸೊಸೆ ಸದ್ದಿಲ್ಲದೆ ವಾರ್ತೆಯನ್ನು ಬಿಟ್ಟು ಹಳೆಯ ಚಿತ್ರವೊಂದಕ್ಕೆ ಹೋಗಬಹುದಿತ್ತು. ಬೇಸರ ಬಂದ ಭಾಷಣವನ್ನು ಬೇಸರವಾಯಿತೆಂದು ಯಾರಿಗೂ ಹೇಳದೆಯೇ ಕಳೆಯಬಹುದಿತ್ತು. ಬೆರಳಿನ ಇಷ್ಟಾನಿಷ್ಟಗಳಿಗೆ ಸಾಕ್ಷಿ ಇಲ್ಲ. ಬಾಯಿಯಿಂದ ಕೇಳಬೇಕಾಗಿ ಬಂದಾಗ ಈ ಸ್ವಾತಂತ್ರ್ಯ ಹೊರಟುಹೋಗುತ್ತದೆ. ಬೇಕೆಂಬುದನ್ನು ನಡುಮನೆಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಸಾರಬೇಕಾಗುತ್ತದೆ. ಧ್ವನಿಯಿಂದ ಆಳುವ ದೂರದರ್ಶನ ನಮ್ಮ ಮನೆಗೆ ಬಂದ ಹೊಸತರಲ್ಲಿ ದೊಡ್ಡವರೆಲ್ಲ ಕಂಡ ಸಂಕೋಚಕ್ಕೆ ಇದೇ ಕಾರಣವಿರಬೇಕೆಂದು ನನ್ನ ಊಹೆ. ಮಕ್ಕಳಿಗೆ ಆ ಸಂಕೋಚವಿಲ್ಲ. ಅವರು ಗೋಡೆಗೂ ಬೆಕ್ಕಿಗೂ ಮಾತನಾಡಿಯೇ ಬೆಳೆದವರು.

ಯಂತ್ರಕ್ಕೆ ಮಾತು ಕಲಿಸುವ ಪ್ರಯತ್ನ ಈಚಿನದಲ್ಲ. ಬೆಲ್ ಪ್ರಯೋಗಶಾಲೆಯವರು 1952ರಲ್ಲಿ ರಚಿಸಿದ ‘ಆಡ್ರಿ’ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಕೇಳಿ ಗುರುತಿಸುತ್ತಿತ್ತು. ಅದೂ ಅದಕ್ಕೆ ಹೊಂದಿಸಿದವರ ಧ್ವನಿಯಾದರೆ ಸಲೀಸು, ಬೇರೆಯವರದಾದರೆ ಕಷ್ಟ. ಹತ್ತು ವರ್ಷದ ಮೇಲೆ ಐಬಿಎಂ ಕಂಪನಿ ತೋರಿಸಿದ ‘ಷೂಬಾಕ್ಸ್’ ಎಂಬ ಯಂತ್ರಕ್ಕೆ ಹದಿನಾರು ಮಾತುಗಳು ಬರುತ್ತಿದ್ದವು. ಅಲ್ಲಿಂದ ಮುಂದೆ ಅರ್ಧ ಶತಮಾನದ ದುಡಿಮೆಯನ್ನು ಇಲ್ಲಿ ಹೇಳುತ್ತ ಕೂಡುವುದಿಲ್ಲ. 2012ರ ಹೊತ್ತಿಗೆ ಮಾತು ಕೇಳುವ ದೂರದರ್ಶನಗಳು ಅಂಗಡಿಗೆ ಬಂದವು. 2014, 2015ರಲ್ಲಿ ರಿಮೋಟಿನೊಳಗೇ ಧ್ವನಿಗ್ರಾಹಕವನ್ನು ಅಡಗಿಸಿಡುವ ಪದ್ಧತಿ ನೆಲೆಗೊಂಡಿತು. 2017ರ ಆಗಸ್ಟಿನಲ್ಲಿ ಗೂಗಲ್ ಕಂಪನಿ ತನ್ನ ಧ್ವನಿಶೋಧಕ್ಕೆ ಕನ್ನಡವನ್ನೂ ಸೇರಿಸಿತು. ಅಂದು ನಮ್ಮ ಭಾಷೆ ಯಂತ್ರದ ಕಿವಿಗೆ ಬಿತ್ತು ಎನ್ನಬಹುದು; ಕಿವಿಗೆ ಬಿದ್ದದ್ದೆಲ್ಲ ಮನಸ್ಸಿಗೆ ಇಳಿಯಿತೆ ಎಂಬುದು ಬೇರೆಯ ಪ್ರಶ್ನೆ.

ನನ್ನ ಸೋದರತ್ತೆಯವರ ವಿಷಯ ಇಲ್ಲಿ ಹೇಳಬೇಕು. ಅವರು ವಿಜಾಪುರ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದವರು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ತೋರಿಸಿದ ಪ್ರಯೋಗವೊಂದು ನಡೆಯಿತಷ್ಟೆ. ಆರು ರಾಜ್ಯಗಳ 2400 ಹಳ್ಳಿಗಳು ಅದರಲ್ಲಿದ್ದವು. ನಮ್ಮ ರಾಜ್ಯದಿಂದ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿನವರು ದೂರದರ್ಶನವನ್ನು ಕಾಣುವುದಕ್ಕೆ ಆರು ವರ್ಷ ಮೊದಲೇ ಆ ಸೀಮೆಯ ರೈತರು ಅದನ್ನು ಕಂಡಿದ್ದರು. ಮಾಳಿಗೆಯ ಮೇಲೆ ಕೋಳಿಗೂಡಿನ ಜಾಲರಿಯಿಂದ ಮಾಡಿದ ಹತ್ತು ಅಡಿ ಅಗಲದ ದೊಡ್ಡ ಬೋಗುಣಿ. ಬೆಳಗ್ಗೆ ಮಕ್ಕಳಿಗೆ ಒಂದೂವರೆ ಗಂಟೆ, ಸಂಜೆ ಊರಿಗೆಲ್ಲ ಎರಡೂವರೆ ಗಂಟೆ. ಅತ್ತೆಯವರ ಶಾಲೆಯಲ್ಲಿದ್ದ ಪೆಟ್ಟಿಗೆಯ ಉಸ್ತುವಾರಿ ಅವರದೇ. ಬೀಗ ತೆಗೆದು, ತಿರುಗುಣಿ ತಿರುಗಿಸಿ, ಚಿತ್ರ ನಿಲ್ಲುವವರೆಗೆ ಕಾದು, ಅಂಗಳದಲ್ಲಿ ಕೂತ ಊರಿಗೆ ಊರನ್ನೇ ಅವರು ಸುಮ್ಮನಾಗಿಸುತ್ತಿದ್ದರಂತೆ. ‘ನಾ ಕೈ ಹಚ್ಚದ ಅದು ಮಾರಿ ತೋರಸ್ತಿದ್ದಿಲ್ಲ ನೋಡು’ ಎಂದು ಈಗಲೂ ಹೇಳುತ್ತಾರೆ.

ಈಗ ಅವರಿಗೆ ಎಂಬತ್ತು ದಾಟಿದೆ, ನಮ್ಮೊಡನೆ ಬೆಂಗಳೂರಿನಲ್ಲಿದ್ದಾರೆ. ಗ್ಲಾಕೋಮಾದಿಂದ ದೃಷ್ಟಿ ಬಹುಮಟ್ಟಿಗೆ ಹೋಗಿದೆ. ಮಲ್ಲಿಕಾರ್ಜುನ ಮನ್ಸೂರರ ಗಾಯನ ಕೇಳಬೇಕೆಂಬ ಆಸೆ ಮಾತ್ರ ಹೋಗಿಲ್ಲ. ಹಳೆಯ ರಿಮೋಟು ಇದ್ದಷ್ಟು ಕಾಲ ಅವರಿಗೆ ಯಾರ ಹಂಗೂ ಇರಲಿಲ್ಲ. ಅನೇಕ ರಿಮೋಟುಗಳಲ್ಲಿ ಐದರ ಅಂಕಿಯ ಗುಂಡಿಯ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ. ಕಣ್ಣಿದ್ದವರು ಅದನ್ನು ಗಮನಿಸುವುದೇ ಇಲ್ಲ. ಅತ್ತೆಯವರು ಆ ಉಬ್ಬಿನಿಂದ ಎಡಕ್ಕೆ, ಬಲಕ್ಕೆ, ಮೇಲಕ್ಕೆ ಬೆರಳಿಂದ ಎಣಿಸಿ ತಮಗೆ ಬೇಕಾದ ವಾಹಿನಿಯ ಸಂಖ್ಯೆ ಒತ್ತುತ್ತಿದ್ದರು. ಹೊಸ ಪೆಟ್ಟಿಗೆಯೊಡನೆ ಬಂದ ರಿಮೋಟು ನೋಡಲು ಚೆಲುವಾದದ್ದು, ಅದರಲ್ಲಿ ಅಂಕಿಗಳಿಲ್ಲ. ಒಂದು ಚಕ್ರ, ನಾಲ್ಕಾರು ಗುಂಡಿ. ಚಕ್ರವನ್ನು ಒತ್ತಿದರೆ ತೆರೆಯ ಮೇಲೆ ಒಂದು ಚೌಕ ಸರಿಯುತ್ತದೆ. ಅದು ಎಲ್ಲಿಗೆ ಸರಿಯಿತೆಂದು ನೋಡಿ ಮುಂದಿನದನ್ನು ಒತ್ತಬೇಕು. ಕಣ್ಣಿಲ್ಲದವರಿಗೆ ಇದು ಬಾಗಿಲುಗಳ ಗುರುತನ್ನೆಲ್ಲ ಅಳಿಸಿದ ಮನೆಯಂತೆ. ಗುಂಡಿಗಳು ಕಡಿಮೆಯಾದಷ್ಟೂ ಬಳಕೆ ಸುಲಭವೆಂದು ಜಾಹೀರಾತುಗಾರರು ಹೇಳುತ್ತಾರೆ. ಯಾರಿಗೆ ಸುಲಭ ಎಂದು ಕೇಳುವವರು ಕಡಿಮೆ. ತೆರೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಈಗಿನ ಅನೇಕ ಪೆಟ್ಟಿಗೆಗಳಲ್ಲಿ ಉಂಟು. ಆದರೆ ಅದನ್ನು ಹುಡುಕಿ ಚಾಲೂ ಮಾಡಲು ಎರಡು ಒಳ್ಳೆಯ ಕಣ್ಣುಗಳು ಬೇಕು.

ಆದ್ದರಿಂದ ಧ್ವನಿಯ ಗುಂಡಿ ಅತ್ತೆಯವರಿಗೆ ಸೋಮಾರಿತನದ ಸಾಧನವಲ್ಲ; ಮಾತೊಂದೇ ಅವರಿಗೆ ಉಳಿದ ದಾರಿ. ಆ ಗುಂಡಿ ಬೆರಳಿಗೆ ಸಿಗಲೆಂದು ಅದರ ಮೇಲೆ ಹಣೆಗಿಡುವ ಬಿಂದಿಯೊಂದನ್ನು ಅಂಟಿಸಿಕೊಟ್ಟೆವು. ಅವರು ಅದನ್ನೊತ್ತಿ, ರಿಮೋಟನ್ನು ಬಾಯಿಯ ಹತ್ತಿರ ತಂದು, ತಮ್ಮ ಶಿಷ್ಯನೊಬ್ಬನನ್ನು ಕರೆಯುವ ವಾತ್ಸಲ್ಯದಿಂದಲೇ ಹೇಳಿದರು: ‘ತಮ್ಮಾ, ಮನಸೂರವರದು ಒಂದು ಛಲೋ ಹಾಡು ಹಚ್ಚಪಾ.’ ಪೆಟ್ಟಿಗೆ ಸ್ವಲ್ಪ ಹೊತ್ತು ಯೋಚಿಸಿ ಮೈಸೂರಿನ ಪ್ರೇಕ್ಷಣೀಯ ಸ್ಥಳಗಳನ್ನು ತೋರಿಸಿತು. ಎರಡನೆಯ ಸಲ ಹಚ್ಚೆ ಹಾಕುವ ಕಲೆಯನ್ನು ಕುರಿತ ಚಿತ್ರಗಳು ಬಂದವು. ಮೊಮ್ಮಕ್ಕಳು ನಕ್ಕರು, ಅತ್ತೆಯವರೂ ನಕ್ಕರು. ಮೂರನೆಯ ಸಲವೂ ಹಾಗೆಯೇ ಆದಾಗ ಅವರು ನಗಲಿಲ್ಲ.

ಹೀಗೇಕಾಗುತ್ತದೆ? ಗುಂಡಿಯನ್ನು ಒತ್ತಿ ಹಿಡಿದಾಗ ರಿಮೋಟಿನೊಳಗಿನ ಧ್ವನಿಗ್ರಾಹಕ ನಮ್ಮ ಮಾತಿನ ಅಲೆಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 16,000 ಸಲ ಅಳೆದು ಅಂಕಿಗಳನ್ನಾಗಿ ಮಾಡುತ್ತದೆ. ಆ ಅಂಕಿಗಳು ಬೆಳಕಿನ ಮೂಲಕವಲ್ಲ, ರೇಡಿಯೋ ಅಲೆಗಳ ಮೂಲಕ ಪೆಟ್ಟಿಗೆಗೆ ಹೋಗುತ್ತವೆ. ಆದ್ದರಿಂದಲೇ ಈ ರಿಮೋಟನ್ನು ಗುರಿಯಿಟ್ಟು ಹಿಡಿಯಬೇಕಾಗಿಲ್ಲ. ಪೆಟ್ಟಿಗೆ ಅವನ್ನು ಬಹುಮಟ್ಟಿಗೆ ಅಂತರಜಾಲದ ಮೂಲಕ ಎಲ್ಲಿಯೋ ದೂರದಲ್ಲಿರುವ ಗಣಕಯಂತ್ರಗಳಿಗೆ ದಾಟಿಸುತ್ತದೆ. ಅಲ್ಲಿ ಕುಳಿತದ್ದು ವ್ಯಾಕರಣ ಬಲ್ಲ ಪಂಡಿತನಲ್ಲ. ಸಾವಿರಾರು ಗಂಟೆಗಳ ಮುದ್ರಿತ ಮಾತನ್ನೂ ಅದರ ಲಿಖಿತರೂಪವನ್ನೂ ಜೊತೆಜೊತೆಯಾಗಿಟ್ಟು, ಈ ಸದ್ದಿಗೆ ಈ ಅಕ್ಷರ ಬರುವ ಸಂಭವವೆಷ್ಟು ಎಂದು ಲೆಕ್ಕ ಹಾಕಲು ಕಲಿತ ಯಂತ್ರ ಅದು. ಯಾರ ಮಾತು ಆ ರಾಶಿಯಲ್ಲಿ ಹೆಚ್ಚಾಗಿದೆಯೋ ಅವರದು ಅದಕ್ಕೆ ಸಲೀಸಾಗಿ ತಿಳಿಯುತ್ತದೆ. ಯಾರದು ಇಲ್ಲವೋ ಅವರು ಅದರ ಪಾಲಿಗೆ ತೊದಲುವವರು.

ಕನ್ನಡವೋ, ಹನ್ನೆರಡು ದಾರಿಗಳಿಂದ ಬಂದು ಒಂದು ಸಂತೆಯಲ್ಲಿ ಸೇರುವ ಭಾಷೆ. ಧಾರವಾಡ, ವಿಜಾಪುರದ ಕಡೆ ದೀಪವನ್ನು ಹಚ್ಚುವಂತೆ ರೇಡಿಯೋವನ್ನೂ ಹಚ್ಚುತ್ತಾರೆ, ಮೈಸೂರಿನವರು ಹಾಕುತ್ತಾರೆ. ಅವರು ಬಂದ್ ಮಾಡಿದರೆ ಇವರು ಆರಿಸುತ್ತಾರೆ. ಈ ‘ಆರಿಸು’ ಎಂಬುದರ ತೊಡಕನ್ನು ನೋಡಿ: ಹಾಡನ್ನು ಆರಿಸು ಎಂದರೆ ಆಯ್ದುಕೊ ಎಂದೋ ನಂದಿಸು ಎಂದೋ? ಬಾಗಿಲು ತೆಗೆ ಎಂದರೆ ತೆರೆಯಬೇಕು, ದೀಪ ತೆಗೆ ಎಂದರೆ ಹಲವು ಮನೆಗಳಲ್ಲಿ ಅದು ಆರಬೇಕು. ಮಂಡ್ಯದ ಕಡೆಯ ಎಷ್ಟೋ ಬಾಯಲ್ಲಿ ಹಾಡು ‘ಆಡು’ ಆಗುತ್ತದೆ, ಹಾಕು ‘ಆಕು’ ಆಗುತ್ತದೆ. ಮನೆಯ ಮಗು ಇವನ್ನೆಲ್ಲ ಮೂರು ವರ್ಷಕ್ಕೆ ಬೇರ್ಪಡಿಸಿ ತಿಳಿಯುತ್ತದೆ. ಮಾತು ಬರುವುದು ಬರಿಯ ಸದ್ದಾಗಿಯಲ್ಲ. ಹೇಳುವವರ ಮುಖ, ಹೊತ್ತು, ಹಿಂದಿನ ದಿನದ ಜಗಳ ಎಲ್ಲವನ್ನೂ ಹೊತ್ತುಕೊಂಡು ಬರುತ್ತದೆ.

ಹೊಂದಿಕೊಂಡವರು ಕೊನೆಗೆ ಅತ್ತೆಯವರೇ. ಅದನ್ನು ದಿನದಿನವೂ ಕಂಡವನು ನಾನು. ಮೊದಲು ಬಿಟ್ಟುಹೋದದ್ದು ‘ತಮ್ಮಾ’. ಆಮೇಲೆ ‘ಛಲೋ’ ಹೋಯಿತು; ಯಂತ್ರಕ್ಕೆ ಒಳ್ಳೆಯದು ಕೆಟ್ಟದ್ದೆಂಬ ವಿಶೇಷಣಗಳು ಬರಿಯ ಗಲಾಟೆ. ‘ಹಚ್ಚಪಾ’ ಹೋಗಿ ‘ಹಾಕು’ ಬಂತು. ಅವರು ಅರುವತ್ತು ವರ್ಷ ಎಷ್ಟು ಜನರ ನಡುವೆ ಬಾಳಿದರೂ ಬಿಡದಿದ್ದ ನುಡಿಯನ್ನು ಒಂದು ಮಳೆಗಾಲದಲ್ಲಿ ಆ ಗುಂಡಿಯ ಮುಂದೆ ಬಿಟ್ಟರು. ಈಗ ಅವರು ಹಿಂದೆ ಶಾಲೆಯಲ್ಲಿ ಉಕ್ತಲೇಖನ ಕೊಡುತ್ತಿದ್ದ ಧ್ವನಿಯಲ್ಲಿ, ಒಂದೊಂದು ಪದದ ನಡುವೆ ಉಸಿರು ಬಿಟ್ಟು ಹೇಳುತ್ತಾರೆ: ‘ಮಲ್ಲಿಕಾರ್ಜುನ. ಮನ್ಸೂರ್. ಯಮನ್. ಹಾಕು.’ ಯಮನ್ ಬರುತ್ತದೆ. ಇದು ಸಣ್ಣ ಲಾಭವೆಂದು ನಾನು ಹೇಳಲಾರೆ. ಮೂರು ವರ್ಷದಿಂದ ಯಾರಾದರೂ ಬಂದು ಹಾಕಿಕೊಡಲೆಂದು ಕಾಯುತ್ತಿದ್ದ ಹಿರಿಯರು ಈಗ ನಡುರಾತ್ರಿ ನಿದ್ದೆ ಬಾರದಿದ್ದರೆ ತಾವೇ ಕೇಳಿಕೊಂಡು, ಧ್ವನಿ ತಗ್ಗಿಸಿಕೊಂಡು, ಕೇಳುತ್ತ ಮಲಗುತ್ತಾರೆ. ಆದರೆ ಈ ಲಾಭಕ್ಕೆ ತೆತ್ತ ಸುಂಕ ಯಾವ ರಸೀದಿಯಲ್ಲಿಯೂ ಕಾಣುವುದಿಲ್ಲ. ಹೋದ ತಿಂಗಳು ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಯನ್ನು ಅವರು ‘ನೀರು. ಕೊಡು.’ ಎಂದು ಕೇಳಿದರು. ಕೇಳಿದ ಕೂಡಲೆ ತಾವೇ ತಡೆದು, ‘ಅಯ್ಯ, ಯವ್ವಾ, ಒಂದೀಟು ನೀರು ಕೊಡವಾ’ ಎಂದು ತಿದ್ದಿಕೊಂಡರು.

ಯಂತ್ರವೇ ನಮ್ಮ ಕಡೆಗೆ ಬರಬೇಕೆಂದು ದುಡಿಯುತ್ತಿರುವವರು ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಗೂಗಲ್ ಕಂಪನಿಯೂ ಕೂಡಿ 2022ರಲ್ಲಿ ಪ್ರಕಟಿಸಿದ ‘ವಾಣಿ’ ಎಂಬ ಯೋಜನೆಯ ಗುರಿ, ದೇಶದ ಜಿಲ್ಲೆ ಜಿಲ್ಲೆಗಳಿಂದ ಜನರ ಸಹಜವಾದ ಮಾತನ್ನು ಕೂಡಿಹಾಕುವುದು. ಬರೆದಿಟ್ಟ ವಾಕ್ಯ ಓದಿಸುವುದಿಲ್ಲ. ಒಂದು ಚಿತ್ರವನ್ನು ತೋರಿಸಿ, ಕಂಡದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ ಎನ್ನುತ್ತಾರೆ. ಈ ಕ್ರಮ ನನಗೆ ಬಹಳ ಸರಿಯೆಂದು ತೋರಿತು. ಓದುವಾಗ ನಾವೆಲ್ಲರೂ ಪಠ್ಯಪುಸ್ತಕದ ಊರಿನವರಾಗುತ್ತೇವೆ. ಕಂಡದ್ದನ್ನು ಹೇಳುವಾಗ ಮಾತ್ರ ನಮ್ಮ ಊರಿನವರು. ಭಾಷೆಯ ಅಧ್ಯಾಪಕರು ಇಂಥ ಕೆಲಸವನ್ನು ತಂತ್ರಜ್ಞರಿಗೇ ಬಿಟ್ಟು ದೂರ ನಿಂತಿರುವುದು ನನಗೆ ಹಿಡಿಸದು. ಉಪಭಾಷೆಗಳ ಬಗ್ಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ನಡೆದಿರುವ ಸಂಶೋಧನೆ ಕಡಿಮೆಯದಲ್ಲ. ಅದು ಕಪಾಟಿನಲ್ಲಿ ಮಲಗಿರುವಾಗ, ‘ಹಚ್ಚು’ ಎಂದ ಮುದುಕಿಗೆ ಯಂತ್ರ ಹಚ್ಚೆಯನ್ನು ತೋರಿಸುತ್ತಿದೆ.

ಕೇಳುವ ಯಂತ್ರ ಯಾವಾಗಲೂ ಕೇಳುತ್ತಿರುತ್ತದೆಯೆ ಎಂಬ ಭಯವೂ ಹಲವರಿಗುಂಟು. ಅದು ಪೂರ್ತಿ ನಿರಾಧಾರವಲ್ಲ. ಸ್ಯಾಮ್‌ಸಂಗ್ ಕಂಪನಿಯ ನಿಯಮಾವಳಿಯಲ್ಲಿ, ಧ್ವನಿಯ ಸೌಲಭ್ಯ ಬಳಸುವಾಗ ಆಡಿದ ಮಾತಿನಲ್ಲಿ ಸ್ವಂತದ ಸಂಗತಿಗಳಿದ್ದರೆ ಅವೂ ಮೂರನೆಯವರಿಗೆ ರವಾನೆಯಾದಾವು ಎಂಬ ಎಚ್ಚರಿಕೆಯ ವಾಕ್ಯವಿದ್ದುದು 2015ರಲ್ಲಿ ದೊಡ್ಡ ಚರ್ಚೆಯಾಯಿತು. ಆಮೇಲೆ ಕಂಪನಿ ಆ ವಾಕ್ಯವನ್ನು ಬಿಡಿಸಿ ಬರೆಯಿತು. ಹೆಸರು ಹಿಡಿದು ಕೂಗಿದರೆ ಓಗೊಡುವ ಯಂತ್ರಗಳು ಆ ಹೆಸರಿಗಾಗಿ ಸದಾ ಕಿವಿ ತೆರೆದಿರಲೇಬೇಕು. ಗುಂಡಿ ಒತ್ತಿದಾಗ ಮಾತ್ರ ಕೇಳುವ ರಿಮೋಟು ಇದಕ್ಕಿಂತ ಮೇಲು. ನಮ್ಮ ಮನೆಯಲ್ಲಿ ಮೊದಲನೆಯ ಬಗೆಯ ಸೌಲಭ್ಯವನ್ನು ಆರಿಸಿದ್ದೇವೆ — ನಂದಿಸಿದ್ದೇವೆ ಎಂಬ ಅರ್ಥದಲ್ಲಿ.

ಅಂತರಜಾಲ ಕಡಿದುಹೋದ ದಿನ ಈ ವಿದ್ಯೆಯೆಲ್ಲ ನಿಂತುಹೋಗುತ್ತದೆ. ಅಂಥ ದಿನಕ್ಕೆಂದು ಪೆಟ್ಟಿಗೆಯ ಅಡಿಯ ಅಂಚಿನಲ್ಲಿ ಕಣ್ಣಿಗೆ ಬೀಳದಂತೆ ಒಂದೇ ಒಂದು ಗುಂಡಿಯನ್ನು ಇಟ್ಟಿರುತ್ತಾರೆ. ಕಳೆದ ವಾರ ಅದನ್ನು ಅತ್ತೆಯವರ ಕೈಹಿಡಿದು ಮುಟ್ಟಿಸಿದೆ. ಅವರು ಅದನ್ನು ಬೆರಳಿನಿಂದ ಎರಡು ಸಲ ಸವರಿ, ಶಾಲೆಯ ಪೆಟ್ಟಿಗೆಯ ತಿರುಗುಣಿ ಬೆಲ್ಲದ ಉಂಡೆಯಷ್ಟು ದಪ್ಪಗಿತ್ತೆಂದು ಹೇಳಿದರು. ಇದಕ್ಕೂ ಒಂದು ಬಿಂದಿ ಅಂಟಿಸು ಎಂದರು. ರಾತ್ರಿ ಹಾಡು ಮೊದಲಾದ ಮೇಲೆ, ಧ್ವನಿಯ ಗುಂಡಿಯಿಂದ ಬೆರಳು ತೆಗೆದು, ಇನ್ನು ಅದು ಕೇಳಿಸಿಕೊಳ್ಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಅವರು ಮೆಲ್ಲನೆ ‘ಶಾಣ್ಯಾ ಅದೀಪಾ ತಮ್ಮಾ’ ಎನ್ನುವುದು ನನಗೆ ಪಕ್ಕದ ಕೋಣೆಗೆ ಕೇಳಿಸುತ್ತದೆ.